ಬೆಲ್ಲ-ನೀರು ಕುಡಿದ ಕಾಳು

ನಿಮ್ಮ ಮೂತ್ರಪಿಂಡದ ಪಡಿಯಚ್ಚೊಂದನ್ನು ಜೋಳದ ಕಾಳಿನಷ್ಟು ಗಾತ್ರಕ್ಕೆ ಬೆಳೆಸಿ, ಗಾಜಿನ ಗುಳಿಯಲ್ಲಿಟ್ಟು, ಅದರ ಬಣ್ಣ ನೋಡಿ ನಿಮ್ಮ ಮೈಗೆ ಮುಂದೇನಾದೀತು ಅಂತ ಹೇಳುವಂತಾದರೆ? ಮೈಯ ಸಂಗತಿಯಷ್ಟೇ ಆದರೆ ಅಡ್ಡಿಯಿಲ್ಲ, ಹೇಳಲಿ. ಆದರೆ ನಿಮ್ಮ ಮಾತು ಖರೆಯೋ ಸುಳ್ಳೋ ಅಂತಲೂ ಜನ ಆ ಕಾಳನ್ನೇ ಕೇಳತೊಡಗಿದರೆ ಎಲ್ಲಿಗೆ ಹೋಗುತ್ತೀರಿ? ಬೆಳಗಾವಿ ಸೀಮೆಯ ಹಾಲಗಟ್ಟಿಯಲ್ಲಿ, ಎರಕದ ಕಾರ್ಖಾನೆಯ ಅಡಿವೆಪ್ಪನಿಗೆ ಆದದ್ದು ಅದೇ.

ಡಾಕ್ಟರ್ ನೀಲಾಂಬಿಕಾ ಬಾಳಿಕಾಯಿ ಹಾಲಗಟ್ಟಿಗೆ ಬಂದದ್ದು ಹೆಬ್ಬೆರಳ ಬೇನೆಯ ಬೆನ್ನು ಹತ್ತಿ. ಕಾರ್ಖಾನೆಯ ಭಟ್ಟಿಯ ಮುಂದೆ ದುಡಿಯುವ ಗಟ್ಟಿ ಆಳುಗಳಿಗೆ, ನಲವತ್ತು ದಾಟುವ ಮೊದಲೇ, ಕಾಲಿನ ಹೆಬ್ಬೆರಳು ಬಾತು ಉರಿಯುತ್ತಿತ್ತು. ಹೊದ್ದ ಚಾದರ ತಾಗಿದರೂ ಚೀರುವಷ್ಟು ನೋವು. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ, ಹರಳುಗಟ್ಟಿ ಕೀಲಿನಲ್ಲಿ ಕೂತಾಗ ಬರುವ ನೋವು ಅದು. ಅದೇ ಕಾರ್ಖಾನೆಯ ಕಚೇರಿ ಮಂದಿಗೆ ಅಷ್ಟಾಗಿ ಇಲ್ಲ. ಯಾಕೆ? ಇಂಥದೊಂದು ‘ಯಾಕೆ’ ತಲೆಹೊಕ್ಕರೆ ನೀಲಾಂಬಿಕಾಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಗಡಿಯಾರ ಬಿಚ್ಚಿ ಅವ್ವನ ಕೈಲಿ ಹೊಡೆತ ತಿಂದ ಹುಡುಗಿ, ದೊಡ್ಡವಳಾದ ಮೇಲೂ ಆ ಚಾಳಿ ಬಿಟ್ಟಿರಲಿಲ್ಲ.

ಅವಳು ಮಾಡಿದ್ದಿಷ್ಟು: ಪ್ರತಿಯೊಬ್ಬನ ಜೊಲ್ಲಿನಿಂದ ಜೀವಕೋಶ ತೆಗೆದು, ಅದನ್ನು ಮೂತ್ರಪಿಂಡದ ಚೂರಾಗಿ ಬೆಳೆಯುವಂತೆ ಒಲಿಸಿ, ಒಬ್ಬೊಬ್ಬನಿಗೊಂದು ಕಾಳು ತಯಾರು ಮಾಡಿದಳು. ಕಾಳು ಯೂರಿಕ್ ಆಮ್ಲವನ್ನು ಹೊರಗೆ ಹಾಕುತ್ತಿದ್ದರೆ ತಿಳಿನೀಲಿ. ಒಳಗೇ ಕೂಡಿಟ್ಟುಕೊಂಡರೆ ಕೆಂಪು. ಪ್ರಯೋಗಾಲಯಕ್ಕೆ ಕಾರ್ಮಿಕರು ಇಟ್ಟ ಹೆಸರು ‘ಕಾಳುಮನೆ’. ಶನಿವಾರ ಹೆಂಡತಿ ಮಕ್ಕಳನ್ನು ಕರಕೊಂಡು ತಮ್ಮ ತಮ್ಮ ಕಾಳು ನೋಡಲು ಬರುತ್ತಿದ್ದರು. “ನೋಡಲೇ, ನಮ್ಮಪ್ಪನ ಕಾಳು ದುಂಡಗ ಐತಿ, ನಿಮ್ಮಪ್ಪಂದು ಸೊಟ್ಟ!” ಅಂತ ಮಕ್ಕಳು ಕಾದಾಡುತ್ತಿದ್ದವು. ಗುಳಿಯ ಗಾಜಿಗೆ ಕುಂಕುಮ ಹಚ್ಚಬೇಡಿ ಅಂತ ನೀಲಾಂಬಿಕಾ ಎಷ್ಟು ಹೇಳಿದರೂ ಯಾರು ಕೇಳಬೇಕು!

“ಮೂತ್ರಪಿಂಡಕ್ಕ ಎರಡು ಥರದ ಬಾಗಲಾ ಇರತಾವು,” ಅಂತ ಅವಳು ಮೊದಲ ಶನಿವಾರವೇ ತಿಳಿಸಿ ಹೇಳಿದ್ದಳು. “ಒಂದು, ಯೂರಿಕ್ ಆಮ್ಲದ ಕಸ ಹೊರಗ ಹಾಕೂದು. ಇನ್ನೊಂದು, ಹಾಕಿದ್ದನ್ನ ತಿರುಗಿ ಒಳಗ ಎಳಕೊಳ್ಳೂದು. ಕೆಲವರಿಗೆ ಹುಟ್ಟತಾನ ಆ ಎಳಿಯೂ ಬಾಗಲಾ ಜೋರ ಇರತೈತಿ. ಅಪ್ಪನಿಂದ ಬಂದದ್ದೋ ಅವ್ವನಿಂದ ಬಂದದ್ದೋ, ಜೀನಿನ್ಯಾಗ ಬರದಿರತೈತಿ.”

“ಹೊರಗ ಹಾಕಿದ ಕಸ ಮತ್ತ ಒಳಗ ತರೂದಾ? ಥೇಟ ನಮ್ಮತ್ತಿ!” ಅಂದಿದ್ದಳು ಬಾಳವ್ವ. ಕಾಳುಮನೆಯೆಲ್ಲ ನಕ್ಕಿತ್ತು.

ಬಾಳವ್ವ ಅಂದರೆ ಅಡಿವೆಪ್ಪನ ಹೆಂಡತಿ. ಅಡಿವೆಪ್ಪ ಎರಕದ ಮೇಸ್ತ್ರಿ. ಕುದಿಯುವ ಕಬ್ಬಿಣದ ರಸವನ್ನು ಅಚ್ಚಿಗೆ ಸುರಿಯುವಾಗ ಅವನ ಕೈಸನ್ನೆಯಿಲ್ಲದೆ ಕ್ರೇನು ಅಲುಗುತ್ತಿರಲಿಲ್ಲ. ನೀಲಾಂಬಿಕಾ ಬಾಡಿಗೆಗಿದ್ದದ್ದು ಅವರದೇ ಮನೆಯ ಮಾಳಿಗೆಯ ಕೋಣೆಯಲ್ಲಿ. ಸಂಜೆ ಮೆಟ್ಟಿಲು ಹತ್ತುವ ಮೊದಲು ಬಾಳವ್ವ ತಡೆದು ನಿಲ್ಲಿಸಿ, ತಾಟಿನಲ್ಲಿ ಒಂದು ಹೆಂಟೆ ಬೆಲ್ಲ, ಚೊಂಬಿನಲ್ಲಿ ನೀರು ಕೊಡುತ್ತಿದ್ದಳು. “ಮದ್ಲ ಬಾಯಿ ಸೀ ಮಾಡ್ಕೋ, ಆಮ್ಯಾಲ ಮಾತು.” ಆ ಸೀಮೆಯಲ್ಲಿ ಹಾಗೆಯೇ. ಬಂದವರು ಯಾರೇ ಇರಲಿ, ಬೆಲ್ಲ-ನೀರು ಕೊಡದೆ ‘ಏನು ಬಂದಿರಿ’ ಅಂತ ಕೇಳುವುದು ಅವರಿಗೆ ಹೇಸಿಗೆ.

ಇರಲಿ, ಕಾಳಿನ ವಿಷಯಕ್ಕೆ ಬರೋಣ. ಅಡಿವೆಪ್ಪನಿಗೆ ಎಳೆಯುವ ಬಾಗಿಲಿನ ಜೀನ್ ಇತ್ತು. ಆದರೆ ಜೀನ್ ಇದ್ದ ಮಾತ್ರಕ್ಕೆ ಬೇನೆ ಬರಬೇಕೆಂದಿಲ್ಲ. ಕಚೇರಿಯ ಎಷ್ಟೋ ಜನರಿಗೆ ಅದೇ ಬಾಗಿಲು ಇದ್ದರೂ ಅವರು ಆರಾಮ ಇದ್ದರು. ಬಾಗಿಲು ಖರೇನೇ ಎಳೆಯುತ್ತದೋ ಇಲ್ಲವೋ ಎಂದು ನೋಡಲಿಕ್ಕೇ ಅಲ್ಲವೇ ಕಾಳು ಬೆಳೆಸಿದ್ದು? ನೋಡಿದರೆ, ಹೆಬ್ಬೆರಳು ಬಾತು ಕುಂಟುತ್ತಿದ್ದ ಅಡಿವೆಪ್ಪನ ಕಾಳು ತಿಳಿನೀಲಿ. ಅವನಂಥ ಇನ್ನೂ ಐದಾರು ಜನರ ಕಾಳೂ ನೀಲಿ. ಭಟ್ಟಿಯ ಮುಂದೆ ಬೆವರಿ ಮೈಯ ನೀರು ಬತ್ತುತ್ತದಲ್ಲ, ಅದಕ್ಕೇ ಇರಬಹುದು ಅಂತ ಕಾಳಿಗೆ ಶಾಖ ಕೊಟ್ಟಳು, ನೀರು ಕಡಿಮೆ ಮಾಡಿದಳು. ಚೂರು ಮಬ್ಬಾದವು, ಮತ್ತೆ ನೀಲಿ. ಕೊನೆಗೆ ಸಾರಾಯಿಯ ಅಂಶ ಹನಿಸಿದಳು. ತಗೋ, ಕೆಂಪಾದವು!

ಈ ಸುದ್ದಿ ಮ್ಯಾನೇಜರ್ ಪೋತದಾರ ಸಾಹೇಬರ ಕಿವಿಗೆ ಬೀಳುವುದೇ ತಡ, ಅವರು ಒಂದು ನಿಯಮ ಮಾಡಿಬಿಟ್ಟರು. ಕಾಳು ತಾನಾಗಿ ಕೆಂಪಿದ್ದರೆ ಅದು ಹುಟ್ಟಿನ ತಪ್ಪು, ಕಾರ್ಖಾನೆ ಔಷಧ ಕೊಡುತ್ತದೆ, ಕೆಲಸವೂ ಉಳಿಯುತ್ತದೆ. ಕಾಳು ನೀಲಿ ಇದ್ದೂ ಮನುಷ್ಯನಿಗೆ ಬೇನೆ ಬಂದರೆ ಅದು ಕುಡಿತದ ತಪ್ಪು. ಕುಡುಕರನ್ನು ಕುದಿಯುವ ಕಬ್ಬಿಣದ ಹತ್ತಿರ ಬಿಡಲಾಗದು. ಬರುವ ತಿಂಗಳಿಂದ ಅಂಥವರೆಲ್ಲ ಭಟ್ಟಿ ಬಿಡಬೇಕು, ಅಡಿವೆಪ್ಪ ಗೇಟು ಕಾಯಬೇಕು.

“ಸರ್, ಕಾಳು ಹಂಗ ಹೇಳಿಲ್ಲ. ಇನ್ನೂ ನೋಡೂದು ಬಾಳ ಐತಿ,” ಅಂದಳು ನೀಲಾಂಬಿಕಾ.

“ನೀವು ಸಾವಕಾಶ ನೋಡ್ರಿ. ಅಲ್ಲೀತನಾ ಯಾರರೆ ಭಟ್ಟ್ಯಾಗ ಬಿದ್ದರ?” ಅಂದರು ಪೋತದಾರ. ಅವರ ಮಾತಿನಲ್ಲಿಯೂ ಹುರುಳಿತ್ತು, ಅದೇ ಕಷ್ಟ.

ಗೇಟಿನ ಕೆಲಸ ಅಡಿವೆಪ್ಪನಿಗೆ ಅವಮಾನವೇ. ಆದರೆ ಅದಕ್ಕಿಂತ ಹೆಚ್ಚು ಅವನನ್ನು ಕೊಂದದ್ದು ಮನೆಯೊಳಗಿನದು. ಬಾಳವ್ವ ಅಪ್ಪನನ್ನು ಕುಡಿತಕ್ಕೆ ಕಳಕೊಂಡವಳು. ಸೋರೆಬುರುಡೆಯಂತೆ ಹೊಟ್ಟೆ ಉಬ್ಬಿಸಿಕೊಂಡು ಸತ್ತ ಅಪ್ಪನ ಮೋರೆ ಅವಳ ಕಣ್ಣಿಂದ ಹೋಗಿರಲಿಲ್ಲ. ಅಡಿವೆಪ್ಪ ಪ್ರಾಯದಲ್ಲಿ ಕುಡಿಯುತ್ತಿದ್ದವನೇ. ಬಿಟ್ಟರೆ ಮಾತ್ರ ಮದುವೆ ಅಂತ ಅವಳು ಹಟ ಹಿಡಿದಾಗ ಬಿಟ್ಟಿದ್ದ.

ಮಾಳಿಗೆಯ ಮೇಲೆ ಕೂತ ನೀಲಾಂಬಿಕಾಗೆ ಕೆಳಗಿನ ಜಗಳ ಕೇಳಬೇಡವೆಂದರೂ ಕೇಳುತ್ತಿತ್ತು.

“ಕಾಳು ನೀಲಿ ಐತಿ, ನಿನ್ನ ಬೆರಳು ಕೆಂಪ ಐತಿ. ನಡುವ ಏನ ಐತಿ ಹೇಳು!”

“ನಡುವ ಏನೂ ಇಲ್ಲಬೇ. ಬಿಟ್ಟ ಮ್ಯಾಲ ಒಂದ ಹನಿ ಮುಟ್ಟಿಲ್ಲ. ನಿನ್ನ ಮ್ಯಾಲ ಆಣಿ ಮಾಡ್ಲಿ?”

“ನನ್ನ ಮ್ಯಾಲ್ಯಾಕ? ನಾ ಸಾಯ್ಲಂತ?”

“ಹಂಗಾರ ನನ್ನ ಮ್ಯಾಲ ಮಾಡ್ತೀನಿ.”

“ಬ್ಯಾಡ!” ಅಂದವಳ ದನಿ ಅಳುವಿಗೆ ತಿರುಗಿತು. “ನೀ ಬಾಯ್ಲೆ ಏನೂ ಹೇಳಬ್ಯಾಡ. ನಮ್ಮಪ್ಪನೂ ಬಾಳ ಆಣಿ ಮಾಡತಿದ್ದ. ಕಾಳು ಯಾಕ ಸುಳ್ಳ ಹೇಳೀತು? ಅದಕ್ಕ ನನ್ನ ಅಂಜಿಕಿ ಐತೇನು?”

ಅಡಿವೆಪ್ಪ ಕುಂಟುತ್ತ ಅಂಗಳಕ್ಕೆ ಹೋಗಿ ಕೂತ. ನೀಲಾಂಬಿಕಾ ಮೇಲಿನಿಂದ ಬಗ್ಗಿ ನೋಡಿದಳು. ಕಾಯಿಲೆ ಹುಡುಕಲು ಮಾಡಿದ ಕಾಳು, ಗಂಡ-ಹೆಂಡಿರ ನಡುವೆ ಸಾಕ್ಷಿ ಹೇಳುತ್ತ ಕೂತಿತ್ತಲ್ಲ!

ಮುಂದಿನ ಶನಿವಾರ ಬಾಳವ್ವ ಒಬ್ಬಳೇ ಕಾಳುಮನೆಗೆ ಬಂದಳು. ಗಂಡನ ಗುಳಿಯ ಮುಂದೆ ಹೋಗಿ ನಿಂತಳು. ನೀಲಾಂಬಿಕಾಗೆ ಪೋತದಾರರ ಕರೆ ಬಂದು ಹೊರಗೆ ಹೋಗಿ ಬರುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ಸೋಮವಾರ ಬೆಳಗ್ಗೆ ಬಾಗಿಲು ತೆಗೆದರೆ ಕಾಳುಮನೆಯಲ್ಲಿ ಇರುವೆ.

ನೀಲಾಂಬಿಕಾ ಕಿರಿಚಿಯೇಬಿಟ್ಟಳು. ಧೂಳಿನ ಕಣವೂ ಒಳಗೆ ಬರದಂತೆ ಕಾಪಾಡಿಕೊಂಡು ಬಂದ ಜಾಗದಲ್ಲಿ ಕೆಂಪಿರುವೆಯ ಸಾಲು! ಕಿಟಕಿಯ ಸಂದಿಯಿಂದ ಇಳಿದು, ಮೇಜಿನ ಕಾಲು ಹತ್ತಿ, ಸಾಲು ಸಾಲು ಗುಳಿಗಳನ್ನು ದಾಟಿ, ನೆಟ್ಟಗೆ ಒಂದೇ ಗುಳಿಗೆ ಹೋಗಿದ್ದವು. ಅದು ಅಡಿವೆಪ್ಪನದು. ಆಹಾರ ಹನಿಸುವ ಪುಟ್ಟ ಬಾಯಿಯ ಸುತ್ತ ಅಂಟಂಟು. ಬೆರಳಿಗೆ ಹಚ್ಚಿ ಮೂಸಿದಳು. ಬೆಲ್ಲ. ಒಳಗಿನ ಕಾಳು ಮುದುಡಿ ಸತ್ತಿತ್ತು. ಸತ್ತ ಕಾಳು ಕಡುಗೆಂಪಾಗಿತ್ತು.

ಯಾರದು ಅಂತ ಕೇಳುವ ಅಗತ್ಯವೇ ಇರಲಿಲ್ಲ. ಮನೆಗೆ ಓಡಿದಳು. ಬಾಳವ್ವ ರೊಟ್ಟಿ ಬಡಿಯುತ್ತಿದ್ದಳು.

“ಬಾಳವ್ವ, ಕಾಳಿಗೆ ಏನ ಹಾಕಿದಿ?”

ಅವಳು ಮುಚ್ಚಿಡಲಿಲ್ಲ. “ಬೆಲ್ಲಾ-ನೀರು. ಯಾಕ? ಅಜೀರ್ಣ ಆತೇನು?”

“ಅಜೀರ್ಣ! ಸತ್ತು ಹೋತಲ್ಲವ್ವಾ! ಯಾಕ ಹಾಕಿದಿ ಮಾರಾಯ್ತಿ?”

ಬಾಳವ್ವನ ಕೈ ಹಿಟ್ಟಿನ ಮೇಲೇ ನಿಂತಿತು. “ಸತ್ತು ಹೋತಾ? ನಾ ಒಂದ ಮಾತ ಕೇಳಬೇಕಾಗಿತ್ತು ಅದರ ಕಡೆ. ಬಾಯಿ ಸೀ ಮಾಡದ ಹೆಂಗ ಕೇಳೂದು? ಇಷ್ಟ ದಿನಾ ಅದು ನಿಮ್ಮಲ್ಲೆ ಐತಿ, ಯಾರರೆ ಒಬ್ಬರು ಬೆಲ್ಲಾ-ನೀರು ಕೊಟ್ಟೀರೇನು ಅದಕ್ಕ? ನಮ್ಮ ಮನೀದ ಅಲ್ಲೇನ ಅದು?”

“ಏನ ಕೇಳಿದಿ?”

“ಇಂವ ಕುಡೀತಾನೋ ಇಲ್ಲೋ, ಖರೇ ಹೇಳವ್ವಾ ಅಂತ.”

ನೀಲಾಂಬಿಕಾಗೆ ಸಿಟ್ಟಿನಲ್ಲೂ ನಗು ಬಂತು, ನಗುವಿನಲ್ಲೂ ಸಿಟ್ಟು. ತಿರುಗಿ ಭಟ್ಟಿಯ ಕಡೆ ನಡೆದಳು. ಅಡಿವೆಪ್ಪನಿಗಾದರೂ ತಿಳಿಸಬೇಕು, ಅವನ ಕಾಳು ಅದು.

ಭಟ್ಟಿಯಲ್ಲಿ ಆಗತಾನೆ ಒಂದು ಎರಕ ಮುಗಿದಿತ್ತು. ಅಚ್ಚಿನ ಬಾಯಲ್ಲಿ ಕಬ್ಬಿಣ ಇನ್ನೂ ಹೊಳೆಯುತ್ತಿತ್ತು. ಅಡಿವೆಪ್ಪ ಮುಖದ ಮೇಲಿನ ಗುರಾಣಿ ಎತ್ತಿ, ಬೆವರು ಒರೆಸಿಕೊಳ್ಳುತ್ತ, ಬಾತ ಕಾಲು ಎಳೆಯುತ್ತ ಬಂದ.

“ಅಡಿವೆಪ್ಪಾ, ಒಂದ ಕೆಟ್ಟ ಸುದ್ದಿ...”

“ತಡೀರಿ ಬಾಯಾರ. ಸುದ್ದಿ ಎಲ್ಲಿ ಓಡಿ ಹೋಗತೈತಿ? ಮದ್ಲ ಇದ ತಗೋರಿ.”

ಬೆಲ್ಲದ ತಾಟು ಮುಂದೆ ಬಂತು. ರೂಢಿಯ ಕೈ, ಅವಳು ಯೋಚಿಸದೆ ಒಂದು ಹೆಂಟೆ ಬಾಯಿಗೆ ಹಾಕಿಕೊಂಡಳು. ಅಡಿವೆಪ್ಪನೂ ದೊಡ್ಡದೊಂದು ಹೆಂಟೆ ಬಾಯಿಗೆಸೆದು, ಮೇಲೊಂದು ಚೊಂಬು ನೀರು ಎತ್ತಿ ಕುಡಿದ. ತಾಟು ಮುಂದಿನವನಿಗೆ ಹೋಯಿತು, ಅವನಿಂದ ಇನ್ನೊಬ್ಬನಿಗೆ. ಭಟ್ಟಿಯ ಮಂದಿಗೆಲ್ಲ. ಪ್ರತಿ ಎರಕ ಮುಗಿದಾಗಲೂ ತಾಟು ತಿರುಗುತ್ತಿತ್ತು. ದಿನಕ್ಕೆಷ್ಟು ಎರಕ! ಕಚೇರಿಯಲ್ಲಿ ತಾಟೂ ಇಲ್ಲ, ಎರಕವೂ ಇಲ್ಲ.

ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ ನೀಲಾಂಬಿಕಾ ನಿಂತಲ್ಲೇ ನಿಂತಳು.

ಮಾಂಸ ತಿನ್ನುತ್ತೀರಾ ಅಂತ ಕೇಳಿದ್ದಳು. ಬೇಳೆ ಎಷ್ಟು, ಮೀನು ಎಷ್ಟು, ಹೆಂಡ ಎಷ್ಟು, ನೀರು ಎಷ್ಟು, ಎಲ್ಲ ಕೇಳಿದ್ದಳು. ಬೆಲ್ಲ-ನೀರಿನ ಮಾತು ಒಬ್ಬರೂ ಎತ್ತಿರಲಿಲ್ಲ. ಯಾಕೆ ಎತ್ತಿಯಾರು? ಅದು ಅವರಿಗೆ ತಿನಿಸಲ್ಲ, ಕುಡಿತವಲ್ಲ, ಮನುಷ್ಯ ಮನುಷ್ಯನಿಗೆ ಕೊಡುವ ಮರ್ಯಾದೆ. ದಿನಾ ಸಂಜೆ ಬಾಳವ್ವನ ಕೈಯಿಂದ ಅದನ್ನೇ ತಿಂದು ಮೆಟ್ಟಿಲು ಹತ್ತುತ್ತಿದ್ದ ತನಗೇ ಹೊಳೆದಿರಲಿಲ್ಲವಲ್ಲ! ಕಾಳಿಗೆ ಪುಸ್ತಕದಲ್ಲಿ ಹೇಳಿದ ಶುದ್ಧ ಆಹಾರ ಹಾಕಿ ಸಾಕಿದ್ದಳು. ಅಡಿವೆಪ್ಪನ ಕಾಳು ಅಡಿವೆಪ್ಪನಂತೆ ಒಂದು ದಿನವೂ ಬದುಕಿರಲಿಲ್ಲ.

“ಬಾಯಾರ, ಏನಾತ್ರಿ? ಕೆಟ್ಟ ಸುದ್ದಿ ಅಂದ್ರಿ?” ಅಂದ ಅಡಿವೆಪ್ಪ.

“ಕೆಟ್ಟದ್ದೋ ಚಲೋದೋ ಇನ್ನೂ ಗೊತ್ತಿಲ್ಲಪಾ,” ಅಂದವಳೇ ಕಾಳುಮನೆಗೆ ಓಡಿದಳು.

ಆ ವಾರ ಅವಳು ಮಾಳಿಗೆಯ ಕೋಣೆಗೆ ಬಂದದ್ದು ಮಲಗಲಿಕ್ಕಷ್ಟೇ. ಶೈತ್ಯಪೆಟ್ಟಿಗೆಯಲ್ಲಿದ್ದ ಅಡಿವೆಪ್ಪನ ಕೋಶಗಳಿಂದ ಬೆಳೆದ ಅವಳಿ ಕಾಳುಗಳನ್ನು ಹೊರತೆಗೆದಳು. ಬಾಳವ್ವ ಸುರಿದಂತೆ ಸುರಿಯಲಿಲ್ಲ. ಬೆಲ್ಲ ತಿಂದವನ ರಕ್ತದಲ್ಲಿ ಅದರ ಸಿಹಿ ಎಷ್ಟಿರಬಹುದೋ ಅಷ್ಟೇ, ಭಟ್ಟಿಯಲ್ಲಿ ತಾಟು ತಿರುಗುವಂತೆ, ಬಿಟ್ಟು ಬಿಟ್ಟು ಹನಿಸಿದಳು. ಜೊತೆಗೆ ತುಸು ಶಾಖ. ಮೊದಲ ದಿನ ಏನೂ ಆಗಲಿಲ್ಲ. ಛೇ, ಸುಮ್ಮನೆ ಹುಚ್ಚು ಹಿಡಿಸಿಕೊಂಡೆನಲ್ಲ ಅನ್ನಿಸಿತು. ಎರಡನೆಯ ದಿನ ಅಂಚಿನಲ್ಲಿ ಗುಲಾಬಿ ಬಣ್ಣ. ಮರುದಿನ ಬೆಳಗ್ಗೆ ಬಂದು ನೋಡಿದರೆ ಪೂರಾ ಕೆಂಪು!

ಒಂದೇ ಕಾಳನ್ನು ನಂಬುವವರ ಪೈಕಿಯಲ್ಲ ಅವಳು. ಎಳೆಯುವ ಬಾಗಿಲಿನ ಜೀನ್ ಇದ್ದವರ ಕಾಳುಗಳಿಗೆಲ್ಲ ಹನಿಸಿದಳು, ಕಚೇರಿಯವರದಕ್ಕೂ. ಅವೂ ಕೆಂಪಾದವು. ಆ ಜೀನ್ ಇಲ್ಲದವರ ಕಾಳು ಅದೇ ಬೆಲ್ಲ ಕುಡಿದು ನೀಲಿಯಾಗಿಯೇ ಕೂತವು. ಸಿಹಿ ಕರಗುವಾಗ ಯೂರಿಕ್ ಆಮ್ಲ ಹುಟ್ಟುತ್ತದೆ ಅನ್ನುವುದು ಹೊಸದೇನಲ್ಲ. ಆದರೆ ಈ ಬಾಗಿಲು, ಬೆಲ್ಲದ ಸಿಹಿ ಬಂದಾಗ ಮಾತ್ರ ಪೂರ್ತಿ ತೆರೆದುಕೊಂಡು, ಹುಟ್ಟಿದ ಕಸವನ್ನೂ ಹೊರಹಾಕಿದ ಕಸವನ್ನೂ ಕೂಡಿಯೇ ಒಳಗೆಳೆಯುತ್ತಿತ್ತು. ಸಿಹಿ ಇಲ್ಲದಾಗ ಸಭ್ಯನಂತೆ ಮುಚ್ಚಿಕೊಂಡಿರುತ್ತಿತ್ತು. ಬಹಳ ಹಿಂದೆ, ನಮ್ಮ ಪೂರ್ವಿಕರು ಮರದ ಮೇಲಿದ್ದಾಗ, ಈ ಆಮ್ಲವನ್ನು ಕರಗಿಸುವ ಜೀನ್ ಒಂದು ನಮಗಿತ್ತು. ಅದು ಯಾವಾಗಲೋ ಕೆಟ್ಟುಹೋಯಿತು. ಹಣ್ಣಿನ ಕಾಲದಲ್ಲಿ ಕೂಡಿಟ್ಟುಕೊಳ್ಳುವ ಬಾಗಿಲೂ ಆಗಿನದೇ ಇರಬಹುದೇ? ಈ ಹೊಸ ‘ಯಾಕೆ’ಯ ಹಿಂದೆ ಓಡುವ ಮನಸ್ಸಾಯಿತು. ಆದರೆ ತಿಂಗಳು ಮುಗಿಯುತ್ತ ಬಂದಿತ್ತು, ಅಡಿವೆಪ್ಪ ಗೇಟಿಗೆ ಹೋಗುವವನಿದ್ದ.

ಪೋತದಾರ ಸಾಹೇಬರು ಕೆಂಪು ಕಾಳುಗಳನ್ನು ಬಗ್ಗಿ ಬಗ್ಗಿ ನೋಡಿದರು.

“ಅಂದ್ರ ತಪ್ಪು ಹುಟ್ಟಿಂದೋ, ಅವರ ಚಟದ್ದೋ? ಒಂದ ಹೇಳಿಬಿಡ್ರಿ ಡಾಕ್ಟರ್.”

“ಒಂದ ಹೇಳಾಕ ಬರೂದಿಲ್ಲ ಸರ್. ಬಾಗಲಾ ಹುಟ್ಟಿಂದು. ಬಾಗಲಾ ಬಡದದ್ದು ಬೆಲ್ಲ. ಭಟ್ಟಿ ಮಂದಿಗೆ ತ್ರಾಣ ಬರಲಿ ಅಂತ ಬೆಲ್ಲದ ಪೆಂಟಿ ಪುಕ್ಕಟೆ ತರಿಸಿ ಕೊಟ್ಟಾವರು ಯಾರು?”

ಪೋತದಾರರು ಕನ್ನಡಕ ತೆಗೆದು ಒರೆಸಿದರು. ತರಿಸಿದವರು ಅವರೇ. ಹೋದ ವರ್ಷದ ವಾರ್ಷಿಕೋತ್ಸವದಲ್ಲಿ ಅದಕ್ಕಾಗಿ ಶಾಲು ಹೊದಿಸಿಕೊಂಡಿದ್ದರು.

“ಹಂಗಾರ ಕುಡಿತ?”

“ಸಾರಾಯಿಗೂ ಕೆಂಪಾಗತಾವು, ಬೆಲ್ಲಕ್ಕೂ ಕೆಂಪಾಗತಾವು. ಬೆಲ್ಲ ತಿಂದದ್ದನ್ನ ನಾನಽ ಕಣ್ಣಾರೆ ನೋಡೇನಿ. ಕುಡದದ್ದು ಯಾರ ನೋಡ್ಯಾರ? ಬೆಲ್ಲ ಬಿಡಿಸಿ, ಉಪ್ಪು ಹಾಕಿದ ಮಜ್ಜಿಗಿ ಕೊಡೂಣು. ರಕ್ತ ಮತ್ತ ನೋಡೂಣು. ಅಲ್ಲೀತನಾ ಅಡಿವೆಪ್ಪ, ಅವನಂಥಾವರು ಯಾರೂ ಭಟ್ಟಿ ಬಿಡಬಾರದು.”

ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡರು. “ಗೇಟಿನ ಆರ್ಡರು ಸದ್ಯ ತಡಿಹಿಡೀತೀನಿ,” ಅಂದರು.

ಖುಷಿಯಲ್ಲಿ ಮನೆಗೆ ಬಂದ ನೀಲಾಂಬಿಕಾ, ತಾಟು ಹಿಡಿದು ನಿಂತ ಬಾಳವ್ವನ ಎರಡೂ ಭುಜ ಹಿಡಿದು ಹೇಳಿದಳು: “ನಿನ್ನ ಗಂಡ ಕುಡದಿಲ್ಲ ಬಾಳವ್ವ. ಅಂವ ಹೇಳಿದ್ದು ಖರೇ.”

ಬಾಳವ್ವ ಕಣ್ಣು ಮುಚ್ಚಿ ಯಾವ ಯಾವ ದೇವರಿಗೋ ಕೈಮುಗಿದಳು. ಮುಖದ ಮೇಲಿನ ಎಷ್ಟೋ ದಿನದ ಕಪ್ಪು ಇಳಿಯಿತು. ಆಮೇಲೆ ಕಣ್ಣು ತೆರೆದು, “ಹಂಗಾರ ಬ್ಯಾನಿ ಯಾತರಿಂದ?” ಅಂತ ಕೇಳಿದಳು.

ನೀಲಾಂಬಿಕಾಳ ಕಣ್ಣು ತಾಟಿನ ಕಡೆ ಹೋಯಿತು. ಬಾಳವ್ವನ ಕಣ್ಣು ಅದರ ಹಿಂದೆಯೇ ಹೋಯಿತು.

“ಇದರಿಂದಾ?”

“ಇದೊಂದರಿಂದಽ ಅಲ್ಲ. ಆ ಬಾಗಲಾ, ಆ ಬೆಂಕಿ... ಎಲ್ಲಾ ಕೂಡಿ. ಎಲ್ಲಾರಿಗೂ ಹಂಗ ಆಗೂದಿಲ್ಲ...”

ಬಾಳವ್ವ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. “ಅಲ್ಲೆ ಕೊಡೂದು ಸಾಲೂದಿಲ್ಲಂತ ಬುತ್ತ್ಯಾಗ ಎರಡು ಹೆಂಟಿ ನಾನಽ ಜಾಸ್ತಿ ಇಡತಿದ್ನಿ ಯವ್ವಾ. ಬೆರಳ ನೋವು ಅಂದ ದಿನಾ ಇನ್ನೊಂದ ಇಡತಿದ್ನಿ. ಬಾಯಿಲೆ ಬೈದೆ, ಕೈಲೆ ಬೆಲ್ಲಾ ಕೊಟ್ಟೆ. ಎರಡೂ ಅವನ್ನ ಸುಟ್ಟುವಲ್ಲ!” ಅಂತ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಅಡಿವೆಪ್ಪ ಬಂದದ್ದು ಅದೇ ಹೊತ್ತಿಗೆ. ಸುದ್ದಿ ಅವನಿಗೆ ಭಟ್ಟಿಯಲ್ಲೇ ತಲುಪಿತ್ತು. ಬಾಗಿಲಲ್ಲಿ ನಿಂತು, ಅಳುವ ಹೆಂಡತಿಯನ್ನೂ ತಾಟಿನ ಬೆಲ್ಲವನ್ನೂ ನೋಡಿದ.

“ಯಾರ ಸತ್ತರಬೇ?”

“ನೀ ಖರೇ ಹೇಳತಿದ್ದಿ. ನಾ ನಂಬಲಿಲ್ಲ,” ಅಂದಳು ಬಾಳವ್ವ. “ಒಂದ ಕಾಳು ನಂಬಿದೆ, ನಿನ್ನ ನಂಬಲಿಲ್ಲ.”

ಅಡಿವೆಪ್ಪ ಕಷ್ಟಪಟ್ಟು ಅವಳ ಪಕ್ಕ ಕೂತ, ಬಾತ ಕಾಲು ಮುಂದೆ ಚಾಚಿದ. “ನೀ ಬೆಲ್ಲಾ ಕೊಟ್ಟಿ, ವಿಷಾ ಕೊಡಲಿಲ್ಲ. ನನಗ ಬೆರಳು ನೋಯಲಿಲ್ಲೇಳು ಅಷ್ಟ. ನೀ ಬಾಯಿ ಮೂಸಾಕ ಬರತಿದ್ದಿಯಲ್ಲ, ಅದು ನೋಯತಿತ್ತು,” ಅಂದ. ಆಮೇಲೆ ತಾಟಿನ ಬೆಲ್ಲ ಎತ್ತಿ ನೀಲಾಂಬಿಕಾಳ ಕೈಗಿಟ್ಟು, ಚೊಂಬಿನ ನೀರು ಪೂರ್ತಿ ಕುಡಿದು, ಖಾಲಿ ಚೊಂಬು ಹೆಂಡತಿಯ ಮಡಿಲಲ್ಲಿಟ್ಟ. ಇನ್ನಷ್ಟು ತಾ ಅಂದ.

ಶನಿವಾರ ಬಾಳವ್ವ ಕಾಳುಮನೆಗೆ ಬಂದಳು. ಈ ಸಲ ಅಡಿವೆಪ್ಪನೂ ಜೊತೆಗಿದ್ದ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಅವನ ಗುಳಿಯಲ್ಲಿ ನೀಲಾಂಬಿಕಾ ಹೊಸ ಕಾಳು ಇಟ್ಟಿದ್ದಳು, ತಿಳಿನೀಲಿ. ಬಾಳವ್ವ ಅದರ ಮುಂದೆ ನಿಂತು ಸತ್ತ ಕಾಳಿನ ನೆನಪಿಗೆ ಮೊದಲು ಕೈಮುಗಿದಳು. ನೀಲಾಂಬಿಕಾ ಗಾಬರಿಯಿಂದ ಅವಳ ಕೈಯನ್ನೇ ನೋಡುತ್ತಿದ್ದಳು.

“ಹೆದರಬ್ಯಾಡವ್ವಾ,” ಅಂತ ಬಾಳವ್ವ ಎರಡೂ ಅಂಗೈ ಬಿಚ್ಚಿ ತೋರಿಸಿದಳು. “ಬೆಲ್ಲಾ ತಂದಿಲ್ಲ. ಅದರ ಕಡೆ ಏನೂ ಕೇಳಾಕ ಬಂದಿಲ್ಲ ನಾ. ಕೇಳೂದಿದ್ದರ ಮನ್ಯಾಗ ಕೇಳತೀನಿ.”